ಡಬಲ್ ಕ್ಯಾಬಿನ್

ಹೊಟೇಲು ಮುಚ್ಚಿದ ಮೇಲೆ ಲೋಕನಾಥ ಮನೆಯಲ್ಲಿ ಊಟ ಮಾಡತೊಡಗಿದ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಊರ್ಮಿಳಾ ದಿನವೂ ಮಧ್ಯಾಹ್ನದ ಅಕ್ಕಿಯನ್ನು ಅವನ ಪಾಲೂ ಸೇರಿಸಿ ತೊಳೆದದ್ದು ಅದೇ ಮೊದಲು.

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಆ ಹೊಟೇಲಿಗೆ ಅವನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದ್ದ. ಮುಚ್ಚುವಾಗ ಮ್ಯಾನೇಜರ್ ಆಗಿದ್ದ. ಮದುವೆಯಾದ ಮೇಲೂ ಕೆಲವು ವರ್ಷ ಹೊಟೇಲಿನ ಅಟ್ಟದಲ್ಲೇ ಮಲಗುತ್ತಿದ್ದ, ಹೆಂಡತಿ ಊರಿನಲ್ಲಿ ಅತ್ತೆಯ ಜೊತೆ ಇದ್ದಳು. ಆಮೇಲೆ ಮಾನ್ಪಾಡಾ ರಸ್ತೆಯಲ್ಲಿ ಎರಡನೆಯ ಮಹಡಿಯ ಈ ಮನೆ ಆಯಿತು. ಹೆಂಡತಿ ಬಂದಳು, ಮಗ ಯತಿನ್ ಹುಟ್ಟಿದ, ತಾಯಿ ಅಕ್ಕು ಬಂದಳು. ಲೋಕನಾಥನ ಊಟ ಮಾತ್ರ ಹೊಟೇಲಿನಲ್ಲೇ ಉಳಿಯಿತು. ಏಪ್ರಿಲ್ ಮಧ್ಯದಲ್ಲಿ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು, ಮಾಲಕರು ಇಪ್ಪತ್ತು ಜನರ ಲೆಕ್ಕ ಚುಕ್ತಾ ಮಾಡಿ ಉಡುಪಿಗೆ ಹೋದರು.

"ಇದಕ್ಕೆ ಬೆಲ್ಲ ಹಾಕ್ಲಿಲ್ವಾ?" ಎಂದು ಕೇಳಿದ ಲೋಕನಾಥ, ಎರಡನೆಯ ದಿನ.

"ಇದು ನಿಮ್ಮ ಸಾಂಬಾರ್ ಅಲ್ಲ. ನಮ್ಮ ಊರಿನ ಹುಳಿ, ಕೊದ್ದೆಲ್."

"ನಮ್ಮ ಸಾಂಬಾರ್ ದಿನಕ್ಕೆ ಆರುನೂರು ಜನ ತಿಂತಿದ್ರು ಮಾರಾಯ್ತಿ."

"ದುಡ್ಡು ಕೊಟ್ಟು ಕೂತವರು ಎಂತ ಹಾಕಿದ್ರೂ ತಿಂತಾರೆ," ಎಂದಳು ಅಕ್ಕು ತನ್ನ ಕುರ್ಚಿಯಿಂದ. ಎಪ್ಪತ್ತೊಂಬತ್ತರ ಅಕ್ಕುವಿಗೆ ಮೊಣಕಾಲು ಮಡಚುತ್ತಿರಲಿಲ್ಲ, ಕಿವಿ ಚೆನ್ನಾಗಿಯೇ ಇತ್ತು. "ಎರಡು ಸಲ ಹಾಕಿಸ್ಕೊಂಡಿದ್ದಿ. ಬೆಲ್ಲ ಬೇಕಾದ್ರೆ ಡಬ್ಬ ಅಲ್ಲುಂಟು."

ಲೋಕನಾಥ ಮೂರನೆಯ ಸಲವೂ ಹಾಕಿಸಿಕೊಂಡ.

ಮೂರು ವಾರ ಹೀಗೇ ನಡೆಯಿತು. ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಅವನು ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ. ಊರ್ಮಿಳಾ ಅವನ್ನು ಮತ್ತೆ ಕೈಗೆ ಸಿಗುವ ಹಾಗೆ ಇಟ್ಟುಕೊಂಡಳು. ಸಂಜೆ ನಾಲ್ಕಕ್ಕೆ ಗ್ಯಾಲರಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಹೆಚ್ಚು ಮಾತಿರಲಿಲ್ಲ. ಕೆಳಗೆ ತರಕಾರಿ ಮಾರುವ ಭಾಜಿವಾಲನ ತಕ್ಕಡಿ ಸರಿ ಇಲ್ಲ ಎಂದು ಅವನು, ಆ ಮನುಷ್ಯ ಹಾಗೇ ಎಂದು ಇವಳು. ಲೋಟ ಖಾಲಿಯಾದ ಮೇಲೂ ಊರ್ಮಿಳಾ ಬೇಗ ಏಳುತ್ತಿರಲಿಲ್ಲ.

ಅಷ್ಟರಲ್ಲಿ ರಮಾಕಾಂತ ಬಂದ. ಬದಲಾಪುರದಾಚೆಯ ಹಳ್ಳಿಯಿಂದ ಹೊಟೇಲಿಗೆ ತರಕಾರಿ ಹಾಕುತ್ತಿದ್ದವನು. ಅವನ ಹತ್ತಿರ ಉಳುವ ಟಿಲ್ಲರ್ ಒಂದಿತ್ತು, ಅದನ್ನು ಹೇರುವ ಎರಡು ಚಕ್ರದ ಟ್ರಾಲಿ ಇತ್ತು. ಅವನ ಕಡೆಯ ಹಳ್ಳಿಗಳಲ್ಲಿ ಎತ್ತು ಉಳಿದಿಲ್ಲ, ಹುಡುಗರೆಲ್ಲ ಕಂಪನಿ ಕೆಲಸಕ್ಕೆ. ಭತ್ತದ ಗದ್ದೆ ಉಳಲು ಜನ ಕಾಯುತ್ತಾರೆ. ಟಿಲ್ಲರನ್ನು ರಸ್ತೆಯ ಮೇಲೆ ನಡೆಸಿಕೊಂಡು ಹೋದರೆ ಒಂದು ಊರಿನಿಂದ ಇನ್ನೊಂದಕ್ಕೆ ಅರ್ಧ ದಿನ ಹೋಗುತ್ತದೆ. ಎಳೆಯಲು ಒಂದು ಪಿಕಪ್ ಇದ್ದರೆ ದಿನಕ್ಕೆ ನಾಲ್ಕೈದು ಗದ್ದೆ. ಮಳೆ ಮುಗಿದ ಮೇಲೆ ಬದಲಾಪುರ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಕೆಲಸ.

"ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಸಾಕು," ಎಂದ ಲೋಕನಾಥ ಅಂದಿನ ಊಟಕ್ಕೆ ಕುಳಿತು. "ನಾನೇ ಓಡಿಸ್ತೇನೆ. ಟಿಲ್ಲರ್ ನಡೆಸ್ಲಿಕ್ಕೆ ನಮ್ಮ ಮುಂಡಪ್ಪ ಬರ್ತಾನಂತೆ." ಮುಂಡಪ್ಪ ಹೊಟೇಲಿನಲ್ಲಿ ದೋಸೆ ಹುಯ್ಯುತ್ತಿದ್ದವನು, ಅದಕ್ಕೂ ಮೊದಲು ಊರಿನಲ್ಲಿ ಟಿಲ್ಲರ್ ಓಡಿಸಿದ್ದ.

ಯತಿನ್ ಮಹಾಪೆಯ ಕಂಪನಿಯಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದ. ಮನೆಯ ತುಳು, ಕನ್ನಡ ಎರಡೂ ಅವನಿಗೆ ತಿಳಿಯುತ್ತಿತ್ತು, ಉತ್ತರ ಹೆಚ್ಚಾಗಿ ಹಿಂದಿಯಲ್ಲಿ ಬರುತ್ತಿತ್ತು.

"ಪಪ್ಪಾ, ಪಾಗಲ್ ಹೋ ಕ್ಯಾ? ಅದೇ ಪೈಸೆಗೆ ಬದಲಾಪುರದಲ್ಲಿ ಫ್ಲಾಟಿನ ಡೌನ್ ಪೇಮೆಂಟ್ ಆಗ್ತದೆ."

"ಫ್ಲಾಟ್ ಬಂದು ದುಡಿದು ಹಾಕ್ತದಾ?"

"ಮೈ ಹೂಂ ನಾ ದುಡೀಲಿಕ್ಕೆ."

"ನೀನಿದ್ದಿ. ನಾನೆಂತ ಮಾಡುದು? ಗ್ಯಾಲರಿಯಲ್ಲಿ ಕೂತು ಭಾಜಿವಾಲನ ತಕ್ಕಡಿ ನೋಡುದಾ?"

ಊರ್ಮಿಳಾ ಬಡಿಸುತ್ತಿದ್ದ ಸೌಟು ಒಂದು ಗಳಿಗೆ ನಿಂತಿತು. "ಪಲ್ಯ ಹಾಕ್ಲಾ?" ಎಂದು ಕೇಳಿದಳು.

"ಪತ್ತನಾಜೆಯ ಒಳಗೆ ತಾ," ಎಂದಳು ಅಕ್ಕು, ಯಾರೂ ಕೇಳದಿದ್ದರೂ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ತುಳುವರಿಗೆ ಗಡುವಿನ ದಿನ. ಅಂದಿಗೆ ಯಕ್ಷಗಾನದ ಆಟ, ಭೂತಗಳ ಕೋಲ, ನೇಮ ಎಲ್ಲ ನಿಂತು ಜನ ಗದ್ದೆಗೆ ಇಳಿಯಬೇಕು. "ಮತ್ತೆ ಊರ್ಮಿಳಾಳನ್ನು ಕರ್ಕೊಂಡು ಹೋಗಿ ನೋಡು. ನಮ್ಮಲ್ಲಿ ಹೆಂಗಸು ನೋಡದೆ ಎಮ್ಮೆ ತರುವ ಕ್ರಮ ಇಲ್ಲ."

"ಎಮ್ಮೆ ಅಲ್ಲ ಅಮ್ಮಾ, ಪಿಕಪ್."

"ಎಳೆಯುದು ಹೌದಲ್ಲ? ಹಾಗಾದ್ರೆ ಕರ್ಕೊಂಡು ಹೋಗು."

ಭಾನುವಾರ ಮಾನಪ್ಪ ಊಟಕ್ಕೆ ಬಂದ. ವಿಜಯಪುರದ ಕಡೆಯ ಮೆಕ್ಯಾನಿಕ್, ಕಲ್ಯಾಣದಲ್ಲಿ ಗ್ಯಾರೇಜು. ಹೊಟೇಲಿನ ಜನರೇಟರ್ ರಿಪೇರಿಗೆ ಬರುತ್ತಿದ್ದವನು. ಸೊಸೆಯ ಹೆರಿಗೆಗೆಂದು ಮರುದಿನವೇ ಊರಿಗೆ ಹೊರಟಿದ್ದ. ಹಾಗಾಗಿ ಗಾಡಿ ನೋಡುವುದು ಹೇಗೆಂದು ಅನ್ನದ ತಟ್ಟೆಯ ಮುಂದೆಯೇ ಪಾಠ ಮಾಡಿದ.

"ಎಳಿಯೂ ಗಾಡಿ ಅಂದ್ರ ಮೊದಲ ಹಿಂದಿನ ಚಾಸಿ ನೋಡ್ರಿ. ಹುಕ್ ಬೋಲ್ಟಿನ ಮ್ಯಾಲೆ ಇರಬೇಕ. ವೆಲ್ಡಿಂಗ್ ಮಾಡಿದ್ರ ಬ್ಯಾಡ್ರಿ. ಆಮ್ಯಾಲೆ ಹ್ಯಾಂಡ್ ಬ್ರೇಕ್ ಹಾಕಿ ಮೂರನೇ ಗೇರಿನ್ಯಾಗ ಕ್ಲಚ್ ಬಿಡ್ರಿ. ಇಂಜಿನ್ ಬಂದ್ ಆತೋ, ಕ್ಲಚ್ ಛಲೋ ಐತಿ. ಮತ್ತ ನಸಿಕಿನ್ಯಾಗ ಹೋಗ್ರಿ, ಹೇಳದ ಹೋಗ್ರಿ. ಬಾನೆಟ್ ಮ್ಯಾಲೆ ಕೈ ಇಡ್ರಿ. ತಣ್ಣಗ ಇರಬೇಕ. ತಣ್ಣಗ ಇದ್ದಾಗ ಡೀಸೆಲ್ ಇಂಜಿನ್ ಸುಳ್ಳ ಹೇಳಂಗಿಲ್ಲ. ಬೆಚ್ಚಗ ಇತ್ತಂದ್ರ ನಿಮ್ಮಕಿಂತ ಮೊದಲ ಯಾರೋ ಚಾಲೂ ಮಾಡಿ ಇಟ್ಟಾರ ಅಂತ ಅರ್ಥ."

"ಬೆಚ್ಚಗಿದ್ರೆ ಎಂತ ಆಯ್ತು?" ಎಂದಳು ಊರ್ಮಿಳಾ.

"ಏನೋ ಮುಚ್ಚಾಕತ್ತಾರ್ರೀ ಅಕ್ಕಾರ. ತಣ್ಣಗಿದ್ದಾಗ ಚಾಲೂ ಆಗೂದಿಲ್ಲ ಅದು. ಸಾರು ಭಾಳ ಛಲೋ ಆಗೈತಿ ನೋಡ್ರಿ, ಇನ್ನೊಂದ್ ಸ್ವಲ್ಪ ಹಾಕ್ರಿ."

ಬದಲಾಪುರದಲ್ಲಿ ಒಂದು ಗಾಡಿ ನೋಡಿ ಬಂದರು. ಅದರ ತಳ ಕೈಯಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆಮೇಲೆ ಯತಿನ್ ಫೋನಿನಲ್ಲಿ ಇನ್ನೊಂದನ್ನು ಹುಡುಕಿದ. ಕಾಮೋಠೆಯ ಹಿತೇಶ್ ಎಂಬ ಡೀಲರನದು, ಏಳು ವರ್ಷ ಹಳೆಯದು, ಬಿಳಿ ಬಣ್ಣ.

"ಯೇ ದೇಖೋ, ಡಬಲ್ ಕ್ಯಾಬಿನ್. ಡ್ರೈವರ್ ಸಾಲಿನ ಹಿಂದೆ ಇನ್ನೊಂದು ಸೀಟು. ಐದು ಜನ."

"ನಮಗೆ ಎಂತಕ್ಕೆ ಐದು ಜನ? ಮುಂದೆ ನಾನು, ಮುಂಡಪ್ಪ. ಆಯ್ತು."

ಊರ್ಮಿಳಾ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದಳು. ಹಿಂದಿನ ಸೀಟಿಗೆ ಕಂದು ಬಣ್ಣದ ಕವರ್ ಇತ್ತು, ಅದಕ್ಕೇ ಬೇರೆ ಬಾಗಿಲು, ಬೇರೆ ಕಿಟಕಿ.

"ಇದು ಚಂದ ಉಂಟು," ಎಂದಳು.

"ಚಂದ ಉಳ್ತದಾ?"

"ಅತ್ತೆಯನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಬಹುದು. ರಿಕ್ಷಾ ಹತ್ಲಿಕ್ಕೆ ಅವರಿಗೆ ಆಗುದಿಲ್ಲ."

"ರಿಕ್ಷಾಕ್ಕಿಂತ ಇದು ಎತ್ತರ ಉಂಟಲ್ಲ ಮಾರಾಯ್ತಿ."

"ಹಾಗಾದ್ರೆ ಮಳೆಗೆ ಸಾಮಾನು ಇಡ್ಬಹುದು. ನೆನೆಯುದಿಲ್ಲ."

ಅಕ್ಕು ಸೊಸೆಯ ಮುಖ ನೋಡಿದಳು. ಆ ವಾರವಿಡೀ ಊರ್ಮಿಳಾ ಡಬಲ್ ಕ್ಯಾಬಿನ್ನಿಗೆ ಒಂದೊಂದೇ ಕಾರಣ ಹುಡುಕಿದಳು. ಬಟ್ಟೆ ಒಣಗಿಸುವಾಗ ಒಂದು, ತೆಂಗಿನಕಾಯಿ ತುರಿಯುವಾಗ ಒಂದು. ಶುಕ್ರವಾರ ಲೋಕನಾಥ, "ಆಯ್ತು, ನೋಡುವ. ನೋಡ್ಲಿಕ್ಕೆ ದುಡ್ಡೇನು ಕೊಡ್ಲಿಕ್ಕಿಲ್ಲ," ಎಂದ.

ಶನಿವಾರ ಬೆಳಗ್ಗೆ ಬರುತ್ತೇವೆಂದು ಹಿತೇಶನಿಗೆ ಯತಿನ್ ಮೊದಲೇ ಮೆಸೇಜು ಮಾಡಿಬಿಟ್ಟಿದ್ದ. "ಹೇಳದೆ ಹೋದ್ರೆ ಗೇಟ್ ಕೌನ್ ಖೋಲೇಗಾ?" ಎಂದು ಸಮರ್ಥಿಸಿಕೊಂಡ. ಐದೂವರೆಗೆ ಮೂವರೂ ಟ್ಯಾಕ್ಸಿಯಲ್ಲಿ ಹೊರಟು ಆರೂಕಾಲಿಗೆ ಕಾಮೋಠೆ ಮುಟ್ಟಿದರು. ಹಿತೇಶ್ ಗೇಟಿನಲ್ಲೇ ಕೈ ಜೋಡಿಸಿದ. "ಆವೋ ಶೇಠ್, ಪಹಲೇ ಚಾಯ್."

ಮೂಲೆಯಲ್ಲಿ ವಾಚ್‌ಮನ್ ಒಬ್ಬ ಗ್ಯಾಸಿನ ಮೇಲೆ ಹಾಲಿಟ್ಟು ಬಾಯಿ ತೊಳೆಯಲು ಹೋಗಿದ್ದ. ಹಾಲು ಉಕ್ಕಿ ಬರುತ್ತಿತ್ತು. ಲೋಕನಾಥ ಅದನ್ನು ನೋಡಿದ್ದೇ ಓಡಿದ. ಮೂವತ್ತನಾಲ್ಕು ವರ್ಷ ಹೊಟೇಲಿನಲ್ಲಿದ್ದವನಿಗೆ ಯಾರದೇ ಹಾಲಾದರೂ ಉಕ್ಕುವುದನ್ನು ನೋಡಿಕೊಂಡು ನಿಲ್ಲಲಾಗುವುದಿಲ್ಲ. ಉರಿ ಇಳಿಸಿದ, ಪಾತ್ರೆ ಎತ್ತಿದ, ಅಲ್ಲಿಗೇ ಬಿಡದೆ ಚಹಾ ಪುಡಿ ಮೂಸಿ ನೋಡಿ, "ಇದನ್ನು ಹಾಲಿಗೆ ಹಾಕಬಾರದು, ನೀರಲ್ಲಿ ಮೊದಲು ಕುದಿಸು," ಎಂದು ವಾಚ್‌ಮನ್‌ಗೆ ಹಿಂದಿಯಲ್ಲಿ ತಿಳಿಸಿಕೊಡತೊಡಗಿದ. ಹಿತೇಶ್ ನಗುತ್ತಾ ಪಕ್ಕದಲ್ಲಿ ನಿಂತ. ಯತಿನ್ ನಂಬರ್ ಪ್ಲೇಟು ನೋಡಿ ಫೋನಿನಲ್ಲಿ ದಂಡ ಬಾಕಿ ಇದೆಯೇ ಎಂದು ಹುಡುಕುತ್ತಿದ್ದ.

ಊರ್ಮಿಳಾ ಒಬ್ಬಳೇ ಗಾಡಿಯ ಮುಂದೆ ಇದ್ದಳು. ಮಾನಪ್ಪನ ಮಾತು ನೆನಪಿಗೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

ಬೆಚ್ಚಗಿತ್ತು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಪಕ್ಕದ ಗಾಡಿಯನ್ನು ಮುಟ್ಟಿದಳು, ಅದು ತಣ್ಣಗಿತ್ತು. ಮತ್ತೆ ಇದನ್ನು ಮುಟ್ಟಿದಳು.

ಹಿಂದಿನ ಬಾಗಿಲಿಗೆ ಬೀಗ ಹಾಕಿರಲಿಲ್ಲ. ತೆರೆದು ಹತ್ತಿ ಕುಳಿತಳು. ಸೀಟು ಮೆತ್ತಗಿತ್ತು. ಎದುರಿಗೆ ಡ್ರೈವರ್ ಸೀಟಿನ ಬೆನ್ನು. ಅಲ್ಲಿ ಕುಳಿತವನ ತಲೆ, ಕಿವಿ, ಕನ್ನಡಿಯಲ್ಲಿ ಮುಖದ ಅರ್ಧ ಇಲ್ಲಿಗೆ ಕಾಣಬೇಕು. ಅವಳು ಇಳಿದು ಸೆರಗು ಸರಿಮಾಡಿಕೊಂಡಳು. ಲೋಕನಾಥ ಬಾಯಿ ಒರೆಸಿಕೊಳ್ಳುತ್ತಾ ಬಂದ. ಅಷ್ಟರಲ್ಲಿ ಹಿತೇಶ್ ಕೀಲಿ ತಿರುಗಿಸಿದ್ದ. ಇಂಜಿನ್ ಒಂದೇ ಸಲಕ್ಕೆ ಗುಡುಗಿತು.

"ಏಕ್ ಸೆಲ್ಫ್ ಮೇ!" ಎಂದ ಹಿತೇಶ್.

ಹುಕ್ ಬೋಲ್ಟಿನ ಮೇಲಿತ್ತು. ಕ್ಲಚ್ ಸರಿ ಇತ್ತು. ಲೋಕನಾಥ ಹೆಂಡತಿಯ ಕಡೆ ತಿರುಗಿದ. "ಹೇಗೆ? ಎಮ್ಮೆ ಆಗಬಹುದಾ?"

"ಆಗಬಹುದು," ಎಂದಳು ಊರ್ಮಿಳಾ.

ಹತ್ತು ಸಾವಿರ ಟೋಕನ್ ಕೊಟ್ಟು ಬಂದರು. ಗಾಡಿ ಪತ್ತನಾಜೆಯ ದಿನ ತರುವುದೆಂದಾಯಿತು. ಅದಕ್ಕೆ ಐದು ದಿನ ಇತ್ತು.

ಆ ಐದು ದಿನಗಳಲ್ಲಿ ಎರಡನ್ನು ಊರ್ಮಿಳಾ ಕೆಲಸದಲ್ಲಿ ಕಳೆದಳು. ಹಪ್ಪಳದ ಡಬ್ಬ ಬಿಸಿಲಿಗಿಟ್ಟಳು, ಅತ್ತೆಯ ಸೀರೆಗಳಿಗೆ ಫಾಲ್ ಹಚ್ಚಿದಳು. ಚಹಾದ ಹೊತ್ತಿಗೆ ಲೋಕನಾಥ ಮೊದಲು ಯಾವ ಊರು, ಆಮೇಲೆ ಯಾವ ಊರು ಎಂದು ರಮಾಕಾಂತನ ಲೆಕ್ಕ ಹೇಳುತ್ತಿದ್ದ. ಅವನು ಇಷ್ಟು ಮಾತಾಡಿದ್ದನ್ನು ಅವಳು ನೋಡಿರಲಿಲ್ಲ. ಅವಳು ಹೂಂ ಎನ್ನುತ್ತಿದ್ದಳು. ಸೋಮವಾರ ರಾತ್ರಿ ಉಪ್ಪು ಹಾಕದೆ ಸಾರು ಮಾಡಿದಳು, ಯತಿನ್, "ಮಮ್ಮಿ, ತಬಿಯತ್ ಠೀಕ್ ಹೈ?" ಎಂದು ಕೇಳಿದ.

ಮಂಗಳವಾರ ಮಧ್ಯಾಹ್ನ ಊಟದ ನಡುವೆ ಮಾನಪ್ಪನ ಫೋನು ಬಂತು. ಲೋಕನಾಥನ ಕೈ ಎಂಜಲು. ಅವಳೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟಳು.

"ಮೊಮ್ಮಗಳು ಹುಟ್ಯಾಳ್ರೀ ಲೋಕಣ್ಣಾರ! ಗಾಡಿ ಏನಾತು?"

"ಆಯ್ತು ಆಯ್ತು. ಟೋಕನ್ ಕೊಟ್ಟಾಯ್ತು. ಡಬಲ್ ಕ್ಯಾಬಿನ್."

"ಬಾನೆಟ್ ತಣ್ಣಗಿತ್ತಲ್ರೀ?"

ಲೋಕನಾಥ ತುತ್ತು ನುಂಗಿದ. ಬಾನೆಟ್ಟಿನ ವಿಷಯ ಅವನಿಗೆ ಈಗಲೇ ನೆನಪಾದದ್ದು. "ತಣ್ಣಗಿತ್ತು," ಎಂದ.

"ನೀವ ಕೈ ಇಟ್ಟ ನೋಡಿದ್ರಿಲ್ಲ?"

"ಇಟ್ಟೆ ಮಾರಾಯಾ. ಐಸಿನ ಹಾಗಿತ್ತು."

ಮಾನಪ್ಪ ಸಂತೋಷಪಟ್ಟು ಫೋನಿಟ್ಟ. ಊರ್ಮಿಳಾ ಮಜ್ಜಿಗೆಯ ಪಾತ್ರೆ ಕೆಳಗಿಟ್ಟಳು.

"ಬೆಚ್ಚಗಿತ್ತು," ಎಂದಳು.

"ಎಂತದ್ದು?"

"ಬಾನೆಟ್. ನೀವು ಹಾಲಿನ ಹತ್ತಿರ ಇದ್ರಿ. ನಾನು ಕೈ ಇಟ್ಟು ನೋಡಿದೆ. ಎರಡು ಸಲ."

ಅಕ್ಕು ಬೆರಳು ನೆಕ್ಕುವುದನ್ನು ನಿಲ್ಲಿಸಿದಳು. ಲೋಕನಾಥನ ಕಿವಿ ಕೆಂಪಾಯಿತು.

"ಅಲ್ಲೇ ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ? ಹತ್ತು ಸಾವಿರ ಕೊಟ್ಟು ಬಂದೆವಲ್ಲ! ಹೇಗೆ ಅಂತ ಕೇಳಿದ್ದು ನಾನು. ಆಗಬಹುದು ಅಂದದ್ದು ಯಾರು? ನೀನು!"

"ಹೌದು. ನಾನು."

"ಎಂತಕ್ಕೆ ಹಾಗೆ ಹೇಳಿದ್ದು?"

ಊರ್ಮಿಳಾ ಮಜ್ಜಿಗೆಗೆ ಸೌಟು ಹಾಕಿದಳು, ತೆಗೆದಳು.

"ಹಿಂದೆ ಸೀಟಿತ್ತು," ಎಂದಳು.

"ಸೀಟಿತ್ತು! ಸೀಟಿನಲ್ಲಿ ಯಾರು ಕೂತ್ಕೊಳ್ಳುದು?"

"ನಾನು."

"ಅವಳು ಹೇಳಿದ್ದು ಕೇಳ್ಳಿಲ್ವಾ ಲೋಕ?" ಎಂದಳು ಅಕ್ಕು.

"ಕೇಳಿತು." ಲೋಕನಾಥ ತಟ್ಟೆಯಲ್ಲಿ ಅನ್ನ ಒಂದು ಕಡೆಗೆ ಸರಿಸಿದ. ಅವನ ದನಿ ಇಳಿದಿತ್ತು. "ಎಲ್ಲಿಗೆ ಹೋಗ್ಬೇಕಿತ್ತು ನಿನಗೆ?"

ಅವಳು ನಿಜವಾಗಿಯೂ ಯೋಚಿಸಿದಳು. ಒಂದು ಊರು, ಒಂದು ದೇವಸ್ಥಾನ, ಯಾವುದಾದರೂ ಹೇಳಬೇಕೆಂದು ಹುಡುಕಿದಳು. ಒಂದೂ ಸಿಗಲಿಲ್ಲ.

"ಎಲ್ಲಿಗೂ ಇಲ್ಲ," ಎಂದಳು. "ನೀವು ಹೋಗುವಲ್ಲಿಗೆ."

ಲೋಕನಾಥ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದ.

ಮರುದಿನ ಅವನೂ ಯತಿನ್ನೂ ಹಿತೇಶನಿಗೆ ಹೇಳದೆ ಬೆಳಗಿನ ಜಾವ ಕಾಮೋಠೆಗೆ ಹೋದರು. ವಾಚ್‌ಮನ್ ಮೊದಲ ದಿನದ ಚಹಾ ಪಾಠ ಮರೆತಿರಲಿಲ್ಲ. ಗೇಟು ತೆರೆದ, ಕೀಲಿಯನ್ನೂ ಕೊಟ್ಟ. ಗಾಡಿ ಒಂಬತ್ತು ಸಲ ಕೆಮ್ಮಿ, ಹತ್ತನೆಯದಕ್ಕೆ ಅಂಗಳವಿಡೀ ಬಿಳಿ ಹೊಗೆ ತುಂಬಿಸಿತು. ಟೋಕನ್ನಿನಲ್ಲಿ ಅರ್ಧ ಮಾತ್ರ ವಾಪಸು ಬಂತು. ಮನೆಗೆ ಬಂದು ಯತಿನ್ ತಾಯಿಯ ಹೆಗಲು ತಟ್ಟಿದ. "ಮಮ್ಮಿ, ಪಾಂಚ್ ಹಜಾರ್ ಹೋದ್ರೂ ಪೂರಾ ಇಂಜಿನಿನ ಖರ್ಚು ಬಚ್ ಗಯಾ." ಅವಳು, "ಕೈ ತೊಳೆದು ಬಾ, ದೋಸೆ ತಣಿತದೆ," ಎಂದಳು.

ಅದೇ ಸಂಜೆ ಕಲ್ಯಾಣದ ಹೂವಿನ ಮಾರುಕಟ್ಟೆಯ ಒಬ್ಬ ವ್ಯಾಪಾರಿಯ ಗಾಡಿ ಸಿಕ್ಕಿತು. ಮಾನಪ್ಪನ ಗ್ಯಾರೇಜಿನಲ್ಲೇ ಎಂಟು ವರ್ಷ ಸರ್ವಿಸ್ ಆದದ್ದು, ಅವನು ಫೋನಿನಲ್ಲೇ ಹೂಂ ಎಂದ. ಸಿಂಗಲ್ ಕ್ಯಾಬಿನ್. ಮುಂದೆ ಎರಡು ಸೀಟು, ಹಿಂದೆ ಬರೀ ಸಾಮಾನು ಹೇರುವ ತೊಟ್ಟಿ. ಲೋಕನಾಥ ಅದನ್ನು ಮನೆಯಲ್ಲಿ ಹೇಳುವಾಗ ಹೆಂಡತಿಯ ಕಡೆ ನೋಡಲಿಲ್ಲ. "ಇಂಜಿನ್ ಚೊಕ್ಕ ಉಂಟು," ಎಂದ. "ಒಳ್ಳೆದಾಯ್ತಲ್ಲ," ಎಂದಳು ಅವಳು.

ಪತ್ತನಾಜೆಯ ದಿನ ಗಾಡಿ ಬಿಲ್ಡಿಂಗಿನ ಕೆಳಗೆ ನಿಂತಿತು. ತೊಟ್ಟಿಯ ಸಂದಿಗಳಲ್ಲಿ ಒಣಗಿದ ಗೊಂಡೆಹೂವಿನ ಎಸಳು ಇನ್ನೂ ಇದ್ದವು. ಊರ್ಮಿಳಾ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಗ್ಯಾಲರಿಯ ಸರಳಿಗೆ ಮುಖ ಒತ್ತಿ ಅಕ್ಕು ಮೇಲಿನಿಂದ, "ಹಾರ್ನ್ ಹೊಡಿ ನೋಡುವ!" ಎಂದು ಕೂಗಿದಳು.

ಮೊದಲ ಮಳೆಗೆ ಕೆಲಸ ಶುರುವಾಯಿತು. ಮುಂಡಪ್ಪನ ಮನೆ ದಿವಾದಲ್ಲಿ. ಅವನು ಶೇರ್ ರಿಕ್ಷಾದಲ್ಲಿ ಕಾಟಾಯಿ ನಾಕಾದ ಕೂಡುರಸ್ತೆಗೆ ಬಂದು ಆರೂವರೆಗೆ ಬಸ್‌ಸ್ಟಾಪಿನಲ್ಲಿ ನಿಲ್ಲುವುದು, ಲೋಕನಾಥ ಅಲ್ಲಿ ಅವನನ್ನು ಹತ್ತಿಸಿಕೊಂಡು ಬದಲಾಪುರದ ರಸ್ತೆ ಹಿಡಿಯುವುದು. ಮೊದಲ ದಿನ ಊರ್ಮಿಳಾ ಬುತ್ತಿ ಕೊಡಲು ಕೆಳಗಿಳಿದಳು. ಲೋಕನಾಥ ಒಳಗಿನಿಂದ ಕೈ ಚಾಚಿ ಎಡಗಡೆಯ ಬಾಗಿಲು ತೆರೆದ.

"ನಾಕಾದವರೆಗೆ ಬರ್ತಿಯಾ? ಅಲ್ಲಿಂದ ರಿಕ್ಷಾ ಸಿಗ್ತದೆ."

"ಅತ್ತೆಗೆ ಚಹಾ ಆಗ್ಬೇಕು," ಎಂದಳು ಅವಳು, ಎನ್ನುತ್ತಲೇ ಹತ್ತಿದಳು.

ಹನ್ನೊಂದು ನಿಮಿಷದ ದಾರಿ. ಬುತ್ತಿ ಮಡಿಲಲ್ಲಿತ್ತು. ಅವನು ಒಂದು ಸಲ, "ವೈಪರ್ ಬದಲಿಸ್ಬೇಕು," ಎಂದ. ನಾಕಾದಲ್ಲಿ ಮುಂಡಪ್ಪ, "ಅಯ್ಯೋ ಅಕ್ಕ, ನೀವು ಇಳಿಯುದಾ? ನಾನು ಹಿಂದೆ ತೊಟ್ಟಿಯಲ್ಲಿ ಕೂತ್ಕೊಳ್ತೇನೆ," ಎಂದ. "ಬೇಡ, ಮಳೆ," ಎಂದು ಅವಳು ಇಳಿದಳು. ಬುತ್ತಿಯನ್ನು ಮುಂಡಪ್ಪನ ಕೈಗೆ ಕೊಟ್ಟಳು. ಗಾಡಿ ಕಾಣುವಷ್ಟು ಹೊತ್ತು ನಿಂತು, ಶೇರ್ ರಿಕ್ಷಾದಲ್ಲಿ ಇಬ್ಬರು ಕಾಲೇಜು ಹುಡುಗಿಯರ ನಡುವೆ ಕುಳಿತು ಮನೆಗೆ ಬಂದಳು.

ಮರುದಿನ ನಾಕಾದಲ್ಲಿ ತೊಂಡೆಕಾಯಿ ಅಗ್ಗ ಎಂದಳು. ಅದರ ಮರುದಿನ ಕೊತ್ತಂಬರಿ. ನಾಲ್ಕನೆಯ ದಿನ ಕಾರಣ ಹೇಳಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. "ನನಗೆ ಚಹಾ ತಡ ಆದ್ರೆ ಅಡ್ಡಿ ಇಲ್ಲ," ಎಂದಳು ಅಕ್ಕು, "ಆದ್ರೆ ದಿನಾ ತೊಂಡೆಕಾಯಿ ತರಬೇಡ ಮಾರಾಯ್ತಿ." ಅವನು ಗಾಡಿಯನ್ನು ಮೊದಲಿನಷ್ಟು ವೇಗವಾಗಿ ಓಡಿಸುತ್ತಿಲ್ಲ ಎಂದು ಊರ್ಮಿಳಾಗೆ ಅನ್ನಿಸಿತು. ರಸ್ತೆಯ ಹೊಂಡಗಳಿಂದಲೂ ಇರಬಹುದು.

ಜೂನ್ ಮೂರನೆಯ ವಾರ ಒಂದು ಬೆಳಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಮುಂಡಪ್ಪ ಅಂದು ಬೇಗ ಬಂದಿದ್ದ. ಮಡಚಿದ ಕೊಡೆ ಎತ್ತಿ ದೂರದಿಂದಲೇ ಬೀಸಿದ. ಊರ್ಮಿಳಾ ಸೆರಗು ಸುತ್ತಿಕೊಂಡು ಬಾಗಿಲಿನ ಹಿಡಿಗೆ ಕೈ ಹಾಕಿದಳು. ಗಾಡಿ ನಿಧಾನವಾಗಲಿಲ್ಲ. ಬಸ್‌ಸ್ಟಾಪು, ಮುಂಡಪ್ಪ, ಅವನ ಎತ್ತಿದ ಕೊಡೆ ಎಲ್ಲ ಕಿಟಕಿಯಲ್ಲಿ ಹಾದುಹೋದವು.

"ಮುಂಡಪ್ಪ ಅಲ್ಲಿದ್ದಾನೆ," ಎಂದಳು.

"ನೋಡಿದೆ."

"ಮತ್ತೆ?"

"ಅಲ್ಲಿ ನಿಲ್ಲಿಸ್ಲಿಕ್ಕೆ ಜಾಗ ಇರ್ಲಿಲ್ಲ," ಎಂದ ಲೋಕನಾಥ, ಕಣ್ಣು ರಸ್ತೆಯ ಮೇಲೆ ಇಟ್ಟುಕೊಂಡೇ. "ಮುಂದೆ ತಿರುಗಿಸಿ ಬರುವ."

ಅವಳು ಹಿಂದೆ ತಿರುಗಿ ನೋಡಿದಳು. ಬಸ್‌ಸ್ಟಾಪಿನ ಮುಂದೆ ಎರಡು ಲಾರಿ ನಿಲ್ಲುವಷ್ಟು ಜಾಗ ಖಾಲಿ ಇತ್ತು. ಮತ್ತೆ ನೇರ ಕುಳಿತು, ಬುತ್ತಿಯನ್ನು ಕಾಲ ಬಳಿ ಇಟ್ಟು, ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಕಟ್ಟಡಗಳು ಮುಗಿದು ಎರಡೂ ಕಡೆ ನೀರು ನಿಂತ ಗದ್ದೆಗಳು ಕಾಣತೊಡಗಿದವು.

ಲೋಕನಾಥನ ಫೋನು ಬಡಿದುಕೊಂಡಿತು.

"ಮುಂಡಪ್ಪ," ಎಂದಳು.

"ಹೌದು," ಎಂದ.

ಇಬ್ಬರೂ ಎತ್ತಲಿಲ್ಲ. ಗಾಡಿ ತಿರುಗಿಸುವ ಜಾಗಕ್ಕೆ ಇನ್ನೂ ಎರಡು ಕಿಲೋಮೀಟರ್ ಇತ್ತು.